ತಾಳಿದ ಗಡಿಯಾರವೆಲ್ಲ ಬಾಳೀತೆ?

ಬೆಂಗಳೂರಿನ ದಕ್ಷಿಣ ಭಾಗದ ಹೊಸಕೆರೆಹಳ್ಳಿಯಂತಹ ಬಡಾವಣೆಗಳ ಅನೇಕ ಮನೆಗಳಲ್ಲಿ ಇಂದು ಎರಡು ಬಗೆಯ ಕೈಗಡಿಯಾರಗಳು ಜೊತೆಜೊತೆಗೆ ಇರುವುದುಂಟು. ಒಂದು, ಅಜ್ಜನ ಕಾಲದ ಎಚ್.ಎಂ.ಟಿ. ಗಡಿಯಾರ, ದಿನಕ್ಕೊಮ್ಮೆ ಕೀಲಿ ಕೊಟ್ಟರೆ ಸಾಕು, ಅದು ತನ್ನ ಕೆಲಸವನ್ನು ತಾನು ಮಾಡಿಕೊಂಡಿರುವುದು. ಇನ್ನೊಂದು, ಮೊಮ್ಮಗನ ಸ್ಮಾರ್ಟ್‌ವಾಚು; ಅದು ಕಾಲವನ್ನು ತಿಳಿಸುವುದಲ್ಲದೆ ನಾಡಿಯ ಬಡಿತವನ್ನು ಎಣಿಸುವುದು, ನಡೆದ ಹೆಜ್ಜೆಗಳ ಲೆಕ್ಕವಿಡುವುದು, ದೂರವಾಣಿಯ ಕರೆಯನ್ನೂ ತಿಳಿಸುವುದು. ಸಾಮರ್ಥ್ಯದಲ್ಲಿ ಇವೆರಡಕ್ಕೂ ಹೋಲಿಕೆಯೇ ಇಲ್ಲ. ಆದರೆ ಗಾಜು ಒಡೆದ ದಿನ ಹೋಲಿಕೆ ತಲೆಕೆಳಗಾಗುವುದು. ಅಜ್ಜನ ಗಡಿಯಾರಕ್ಕೆ ಬೀದಿಯ ಕೊನೆಯ ರಿಪೇರಿ ಅಂಗಡಿಯಾತನು ಅಲ್ಪ ಹಣಕ್ಕೆ, ಅಲ್ಪ ಸಮಯದಲ್ಲಿ ಹೊಸ ಗಾಜನ್ನು ಕೂರಿಸಿ ಕೊಡುವನು. ಮೊಮ್ಮಗನ ಗಡಿಯಾರವನ್ನು ತಯಾರಕರ ದುರಸ್ತಿ ಕೇಂದ್ರಕ್ಕೆ ಒಯ್ದರೆ, ಪರದೆಯ ಬೆಲೆ ಹೆಚ್ಚುಕಡಮೆ ಹೊಸ ಗಡಿಯಾರದ ಬೆಲೆಯಷ್ಟಾಗುವುದೆಂದೋ, ಈ ಮಾದರಿಗೆ ದುರಸ್ತಿಯೇ ಇಲ್ಲವೆಂದೋ ಉತ್ತರ ಬರುವುದು ಅಪರೂಪವಲ್ಲ.

ಇದಕ್ಕೆ ವರ್ತಕರ ಲೋಭವೊಂದೇ ಕಾರಣವೆಂದು ಹೇಳಿ ಮುಗಿಸುವುದು ಸುಲಭ. ಆದರೆ ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಅಷ್ಟಕ್ಕೆ ತೃಪ್ತರಾಗಬಾರದು. ‘ತಾಳಿದವನು ಬಾಳಿಯಾನು’ ಎಂಬ ಗಾದೆ ನಮ್ಮಲ್ಲಿ ಪ್ರಸಿದ್ಧವಾಗಿದೆ. ಮನುಷ್ಯನ ಮಟ್ಟಿಗೆ ಅದು ನಿಜವಾದರೂ ಯಂತ್ರಗಳ ಮಟ್ಟಿಗೆ ತಾಳಿಕೆ ಬೇರೆ, ಬಾಳಿಕೆ ಬೇರೆ. ಪೆಟ್ಟು, ನೀರು, ಧೂಳುಗಳನ್ನು ಎದುರಿಸಿ ಕೆಡದೆ ಉಳಿಯುವ ಗುಣವನ್ನು ತಾಳಿಕೆ ಎನ್ನೋಣ. ಕೆಟ್ಟ ಮೇಲೆ ಸರಿಪಡಿಸಿಕೊಂಡು ಮತ್ತೆ ಬಳಕೆಗೆ ಬರುವ ಗುಣವೂ ಕೂಡಿದಾಗ ಮಾತ್ರ ಬಾಳಿಕೆ. ಸ್ಮಾರ್ಟ್‌ವಾಚಿನಲ್ಲಿ ಮೊದಲನೆಯ ಗುಣವನ್ನು ಪಡೆಯಲು ಮಾಡಿದ ಉಪಾಯಗಳೇ ಎರಡನೆಯ ಗುಣಕ್ಕೆ ಅಡ್ಡಿಯಾಗಿವೆ. ಅದು ಹೇಗೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಜಾಲಹಳ್ಳಿಯ ಗಡಿಯಾರ

ಹಳೆಯ ಗಡಿಯಾರದ ರಚನೆಯನ್ನು ಮೊದಲು ನೋಡೋಣ. ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ಕೈಗಡಿಯಾರಗಳ ಕಾರ್ಖಾನೆಯನ್ನು ಸ್ಥಾಪಿಸಿದ್ದು 1961ರಲ್ಲಿ. 1978ರಲ್ಲಿ ತುಮಕೂರಿನಲ್ಲಿಯೂ ಒಂದು ಕಾರ್ಖಾನೆ ತಲೆಯೆತ್ತಿತು. ಈ ಸಂಸ್ಥೆಯ ‘ಜನತಾ’ ಎಂಬ ಗಡಿಯಾರವು ಹೆಸರಿಗೆ ತಕ್ಕಂತೆ ಜನಸಾಮಾನ್ಯರ ಕೈಯನ್ನು ಸೇರಿತು. ಅದರೊಳಗೆ ಸುರುಳಿ ಸ್ಪ್ರಿಂಗು, ಹಲ್ಲುಚಕ್ರಗಳು, ಸೆಕೆಂಡಿಗೆ ಐದು ಸಲ ಬಡಿಯುವ ತೂಗುಚಕ್ರ, ತಿಕ್ಕಾಟವನ್ನು ತಗ್ಗಿಸುವ ಹದಿನೇಳು ಕೃತಕ ಮಾಣಿಕ್ಯಗಳು ಇರುತ್ತಿದ್ದುವು. ಒಂದೊಂದು ಭಾಗವೂ ಬೇರೆಬೇರೆ. ಎಲ್ಲವನ್ನೂ ಹಿಡಿದಿಟ್ಟಿದ್ದುದು ತಿರುಪುಗಳು. ಮೇಲಿನ ಗಾಜು ವಾಸ್ತವವಾಗಿ ಗಾಜಲ್ಲ. ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕು. ಅದರ ಮೇಲೆ ಸುಲಭವಾಗಿ ಗೀರು ಬೀಳುತ್ತಿತ್ತು, ಆದರೆ ಅದು ಚೂರುಚೂರಾಗುತ್ತಿರಲಿಲ್ಲ. ಹಲ್ಲುಜ್ಜುವ ಪೇಸ್ಟನ್ನು ಹಚ್ಚಿ ಉಜ್ಜಿದರೆ ಸಣ್ಣ ಗೀರುಗಳು ಮಾಯವಾಗುತ್ತಿದ್ದುವು.

2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್.ಎಂ.ಟಿ. ವಾಚಸ್ ಕಂಪೆನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಆದರೂ ಹಳೆಯ ಜನತಾ ಗಡಿಯಾರಗಳು ಇಂದಿಗೂ ನಡೆಯುತ್ತಿವೆ. ಗಮನಿಸಬೇಕಾದ ಸಂಗತಿ ಇದೇ: ತಯಾರಕನು ಹೋದ ಮೇಲೂ ವಸ್ತು ಉಳಿಯಿತು. ಏಕೆಂದರೆ ಅದನ್ನು ಬಿಚ್ಚುವ ವಿದ್ಯೆಯು ತಯಾರಕನ ಗುಟ್ಟಾಗಿರಲಿಲ್ಲ. ಅದು ಊರೂರಿನ ರಿಪೇರಿಗಾರರ ಕೈಯಲ್ಲಿತ್ತು. ಜನತಾ ಗಡಿಯಾರದ ತಾಳಿಕೆ ಸಾಧಾರಣವಾದುದು. ನೀರು ಬಿದ್ದರೆ ಅದು ಕೆಡುತ್ತಿತ್ತು. ಆದರೆ ಅದರ ಬಾಳಿಕೆ ಅಸಾಧಾರಣವಾದುದು.

ಗಾಜು ಒಡೆಯುವ ಬಗೆ

ಇನ್ನು ಹೊಸ ಗಡಿಯಾರಕ್ಕೆ ಬರೋಣ. ಗಾಜಿನ ಪರಮಾಣುಗಳ ನಡುವಣ ಬಂಧಗಳು ಬಹಳ ಬಲವಾದುವು. ಆ ಬಲವನ್ನು ಲೆಕ್ಕ ಹಾಕಿದರೆ ಗಾಜು ಈಗಿರುವುದಕ್ಕಿಂತ ಎಷ್ಟೋ ಪಟ್ಟು ಗಟ್ಟಿಯಾಗಿರಬೇಕಿತ್ತು. ಈ ಅಂತರಕ್ಕೆ ಕಾರಣವನ್ನು 1921ರಲ್ಲಿ ವಿವರಿಸಿದವನು ಗ್ರಿಫಿತ್ ಎಂಬ ಆಂಗ್ಲ ಎಂಜಿನಿಯರು. ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳಿರುತ್ತವೆ. ಗಾಜನ್ನು ಎಳೆದಾಗ ಅಥವಾ ಬಗ್ಗಿಸಿದಾಗ ಬಲವೆಲ್ಲವೂ ಬಿರುಕಿನ ಮೊನೆಯಲ್ಲಿ ಒಟ್ಟುಗೂಡುವುದು. ಬಿರುಕು ಒಂದು ಮಿತಿಯನ್ನು ದಾಟಿತೆಂದರೆ ತನ್ನಷ್ಟಕ್ಕೆ ತಾನೇ ಓಡಲಾರಂಭಿಸುವುದು. ಬಟ್ಟೆಯ ಅಂಚಿನಲ್ಲಿ ಕತ್ತರಿಯಿಂದ ಸಣ್ಣ ಕಚ್ಚು ಮಾಡಿದರೆ ಮುಂದೆ ಕೈಯಿಂದಲೇ ಹರಿಯಬಹುದಲ್ಲವೆ? ಇದೂ ಹಾಗೆಯೇ.

ಆದುದರಿಂದ ಗಾಜು ಬಿದ್ದ ಕ್ಷಣದಲ್ಲಿ ಒಡೆಯಿತೆಂದು ನಾವು ತಿಳಿದರೂ, ಅದರ ಕಥೆ ಎಷ್ಟೋ ಮೊದಲೇ ಆರಂಭವಾಗಿರುವುದು. ಬೆಂಗಳೂರು ನಿಂತಿರುವುದು ಬಹು ಪುರಾತನವಾದ ಕಲ್ಲಿನ ಮೇಲೆ. ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರವನ್ನು ಹೊತ್ತಿರುವ ನೈಸ್ ಬಂಡೆಯು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಅಂತಹ ಬಂಡೆ ಸವೆದು ಪುಡಿಯಾದ ಮಣ್ಣಿನಲ್ಲಿ ಬೆಣಚುಕಲ್ಲಿನ ಕಣಗಳು ಹೇರಳವಾಗಿರುತ್ತವೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾನದಲ್ಲಿ ಬೆಣಚುಕಲ್ಲಿನ ಅಂಕ 7. ಸಾಮಾನ್ಯ ಗಾಜಿನದು ಸುಮಾರು 5.5. ಹೆಚ್ಚು ಅಂಕದ ವಸ್ತುವು ಕಡಮೆ ಅಂಕದ್ದನ್ನು ಗೀರುವುದು. ರಸ್ತೆಯ ಧೂಳು ಕೂತ ಗಡಿಯಾರವನ್ನು ಅಂಗಿಯ ತೋಳಿಗೆ ಉಜ್ಜಿದಾಗ ನಾವು ಮಾಡುವುದು ಗಾಜನ್ನು ಮರಳುಕಾಗದದಿಂದ ತಿಕ್ಕುವ ಕೆಲಸವೇ. ಹೀಗೆ ಬಿದ್ದ ಗೀರುಗಳಲ್ಲಿ ಒಂದು ಮುಂದೊಂದು ದಿನ ಬಿರುಕಿನ ಬೀಜವಾಗುವುದು.

ಬಿದ್ದಾಗ ಆಗುವುದೇನೆಂಬುದನ್ನು ಸುಲಭವಾದ ಲೆಕ್ಕದಿಂದ ತಿಳಿಯಬಹುದು. 40 ಗ್ರಾಂ ತೂಕದ ಗಡಿಯಾರವೊಂದು 1 ಮೀಟರ್ ಎತ್ತರದಿಂದ ಹಾಸಿಗೆಯ ಮೇಲೆ ಬಿದ್ದು, 10 ಮಿಲಿಮೀಟರ್ ತಗ್ಗಿ ನಿಂತಿತೆನ್ನೋಣ. ಬಿದ್ದ ದೂರವನ್ನು ನಿಂತ ದೂರದಿಂದ ಭಾಗಿಸಿದರೆ 100 ಬರುವುದು. ಅದನ್ನು ನಿಲ್ಲಿಸಿದ ಬಲವು ಅದರ ತೂಕದ ನೂರು ಪಟ್ಟು, ಎಂದರೆ ಸುಮಾರು 4 ಕಿಲೋಗ್ರಾಂ ಭಾರ. ಅದೇ ಗಡಿಯಾರವು ಕಲ್ಲುಹಾಸಿನ ಮೇಲೆ ಬಿದ್ದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದೂರದಲ್ಲಿಯೇ ನಿಂತರೆ ಬಲವು ಹತ್ತು ಸಾವಿರ ಪಟ್ಟಾಗುವುದು; ಎಂದರೆ ಒಂದು ಗಳಿಗೆಯ ಅತ್ಯಲ್ಪ ಅಂಶದ ಕಾಲ 400 ಕಿಲೋಗ್ರಾಂ ಭಾರ! ಈ ಭಾರವು ಗಾಜಿನ ಅಂಚಿನ ಒಂದೇ ಬಿಂದುವಿನ ಮೇಲೆ ಬಿದ್ದರೆ ಪರಿಣಾಮವನ್ನು ಊಹಿಸಬಹುದು.

ಇದನ್ನು ತಡೆಯಲು ತಯಾರಕರು ಎರಡು ದಾರಿಗಳನ್ನು ಹಿಡಿದಿದ್ದಾರೆ. ಮೊದಲನೆಯದು ಗಾಜನ್ನು ಬಲಪಡಿಸುವುದು. ಸೋಡಿಯಮ್ ಇರುವ ವಿಶೇಷ ಗಾಜನ್ನು ಸುಮಾರು 400 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿರುವ ಪೊಟ್ಯಾಸಿಯಮ್ ನೈಟ್ರೇಟಿನಲ್ಲಿ ಮುಳುಗಿಸಿಡುವರು. ಗಾಜಿನ ಮೈಯಲ್ಲಿರುವ ಸೋಡಿಯಮ್ ಅಯಾನುಗಳು ಹೊರಬಂದು ಅವುಗಳ ಸ್ಥಾನದಲ್ಲಿ ಪೊಟ್ಯಾಸಿಯಮ್ ಅಯಾನುಗಳು ಸೇರಿಕೊಳ್ಳುವುವು. ಇವು ಸೋಡಿಯಮ್ ಅಯಾನುಗಳಿಗಿಂತ ಮೂರನೆಯ ಒಂದು ಪಾಲಿನಷ್ಟು ದೊಡ್ಡವು. ಮೂವರು ಕೂರುವ ಬಸ್ಸಿನ ಆಸನದಲ್ಲಿ ನಾಲ್ವರು ಕೂತಂತೆ ಗಾಜಿನ ಮೇಲ್ಪದರವೆಲ್ಲ ಒತ್ತಡಕ್ಕೆ ಸಿಕ್ಕುವುದು. ಆ ಒತ್ತಡವು ಬಿರುಕುಗಳ ಬಾಯನ್ನು ಮುಚ್ಚಿ ಹಿಡಿದಿರುವುದರಿಂದ ಗಾಜು ಬೇಗ ಒಡೆಯದು. ಆದರೆ ಈ ಪದರದ ದಪ್ಪ ಮಿಲಿಮೀಟರಿನ ಅತಿ ಸಣ್ಣ ಅಂಶ ಮಾತ್ರ. ಗೀರು ಅದಕ್ಕಿಂತ ಆಳವಾಗಿ ಇಳಿದರೆ ರಕ್ಷಣೆ ತಪ್ಪಿತು.

ಎರಡನೆಯ ದಾರಿ ಕೃತಕ ನೀಲಮಣಿ. ಅಲ್ಯೂಮಿನಿಯಮ್ ಆಕ್ಸೈಡಿನ ಈ ಸ್ಫಟಿಕಕ್ಕೆ ಮೋಸ್ ಮಾನದಲ್ಲಿ 9 ಅಂಕ. ಬೆಂಗಳೂರಿನ ಧೂಳು ಅದನ್ನು ಗೀರಲಾರದು. ಆದರೆ ಗಡಸುತನವೇ ಬೇರೆ, ಪೆಟ್ಟನ್ನು ತಾಳುವ ಗುಣವೇ ಬೇರೆ. ನೀಲಮಣಿ ಗೀರಿಗೆ ಜಗ್ಗದಿದ್ದರೂ ಅಂಚಿಗೆ ಬಲವಾದ ಪೆಟ್ಟು ಬಿದ್ದರೆ ಸೀಳುವುದುಂಟು. ಅದೂ ಅಲ್ಲದೆ ಗಾಜಿನ ಒಂದು ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನು ಹಿಂದಿರುಗಿಸಿದರೆ, ನೀಲಮಣಿ ಸುಮಾರು ಎಂಟು ಪಾಲನ್ನು ಹಿಂದಿರುಗಿಸುವುದು. ಬಿಸಿಲಿನಲ್ಲಿ ಪರದೆಯನ್ನು ಓದುವುದು ಅಷ್ಟರಮಟ್ಟಿಗೆ ಕಷ್ಟವಾಗುವುದರಿಂದ, ಅದನ್ನು ತಗ್ಗಿಸಲು ಬೇರೊಂದು ಲೇಪವೇ ಬೇಕಾಗುವುದು.

ಗಾಜಿನ ಕೆಳಗಣ ಲೋಕ

ಒಡೆದದ್ದು ಗಾಜು ಮಾತ್ರವಾದರೆ ಗಾಜನ್ನು ಮಾತ್ರ ಬದಲಾಯಿಸಬಾರದೇಕೆ ಎಂಬ ಪ್ರಶ್ನೆ ಸಹಜ. ಉತ್ತರವು ಗಾಜಿನ ಕೆಳಗಿದೆ. ಅಲ್ಲಿ ಬೆರಳಿನ ಸ್ಪರ್ಶವನ್ನು ಅರಿಯುವ ಒಂದು ಪದರವಿದೆ; ಬೆರಳು ಸಮೀಪಿಸಿದಾಗ ವಿದ್ಯುದಾವೇಶದಲ್ಲಾಗುವ ಅತಿ ಸಣ್ಣ ಬದಲಾವಣೆಯನ್ನು ಅದು ಗುರುತಿಸುವುದು. ಒದ್ದೆಯಾದಾಗ ಪರದೆಯು ತಾನೇ ಏನೇನೋ ಮಾಡತೊಡಗುವುದು ನೀರಿನ ಹನಿಯನ್ನು ಅದು ಬೆರಳೆಂದು ಭ್ರಮಿಸುವುದರಿಂದ. ಅದರ ಕೆಳಗೆ ಬೆಳಕನ್ನು ಕೊಡುವ ಪದರ. ಇಂದಿನ ಅನೇಕ ಸ್ಮಾರ್ಟ್‌ವಾಚುಗಳಲ್ಲಿ ಇದು ಸಾವಯವ ವಸ್ತುಗಳಿಂದಾದುದು; ವಿದ್ಯುತ್ತು ಹರಿದಾಗ ತಾನೇ ಬೆಳಗುವುದು. ಇಂತಹ ದೀಪವನ್ನು ಕಡಮೆ ವೋಲ್ಟಿನಲ್ಲಿ ಸಮರ್ಪಕವಾಗಿ ಬೆಳಗಿಸಿ ತೋರಿಸಿದವರು ಕೊಡಾಕ್ ಕಂಪೆನಿಯ ಚಿಂಗ್ ತಾಂಗ್ ಮತ್ತು ಸ್ಟೀವನ್ ವಾನ್ ಸ್ಲೈಕ್. ಅವರ ಪ್ರಬಂಧ ಪ್ರಕಟವಾದದ್ದು 1987ರಲ್ಲಿ.

ಈ ಸಾವಯವ ಪದರಗಳಿಗೆ ನೀರಾವಿ ಮತ್ತು ಆಮ್ಲಜನಕಗಳೇ ಪರಮ ಶತ್ರುಗಳು. ಅವು ಒಳಸೇರಿದ ಕಡೆ ವಿದ್ಯುದಗ್ರದ ಲೋಹವು ಕೆಟ್ಟು ಕಪ್ಪು ಚುಕ್ಕೆಗಳು ಹುಟ್ಟಿ ಬೆಳೆಯುವುವು. ಇಂತಹ ಪರದೆ ಬಹುಕಾಲ ಉಳಿಯಬೇಕಾದರೆ, ಒಂದು ಚದರ ಮೀಟರ್ ಹೊದಿಕೆಯ ಮೂಲಕ ದಿನವೊಂದಕ್ಕೆ ಒಂದು ಗ್ರಾಮಿನ ದಶಲಕ್ಷದಲ್ಲಿ ಒಂದು ಭಾಗಕ್ಕಿಂತ ಹೆಚ್ಚು ನೀರಾವಿ ನುಸುಳಬಾರದೆಂದು ತಜ್ಞರು ಲೆಕ್ಕ ಹಾಕುತ್ತಾರೆ. ಗಾಜು, ಸ್ಪರ್ಶಪದರ, ದೀಪಪದರ ಇವುಗಳ ನಡುವೆ ಗಾಳಿಯಿದ್ದರೆ ಬೆಳಕು ಚದುರುವುದು. ಆದಕಾರಣ ಮೂರನ್ನೂ ಪಾರದರ್ಶಕವಾದ ಅಂಟಿನಿಂದ ಒಂದಾಗಿ ಬೆಸೆಯುವರು. ಇದರಿಂದ ಚಿತ್ರ ಸ್ಫುಟವಾಗುವುದು, ಗಡಿಯಾರ ತೆಳುವಾಗುವುದು. ಆದರೆ ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಮೂರೂ ಪದರಗಳನ್ನು ಒಟ್ಟಿಗೆ ಬದಲಾಯಿಸಬೇಕಾಗುವುದು. ಪರದೆಯ ದುರಸ್ತಿ ದುಬಾರಿಯಾಗಲು ಇದೇ ಮೊದಲ ಕಾರಣ.

ನೀರಿಗೆ ಹೆದರಿ ಹಚ್ಚಿದ ಅಂಟು

ಎರಡನೆಯ ಕಾರಣ ನೀರು. ‘50 ಮೀಟರ್ ಜಲನಿರೋಧ’ ಎಂದು ಪೆಟ್ಟಿಗೆಯ ಮೇಲೆ ಮುದ್ರಿಸಿರುವುದನ್ನು ಕಂಡು 50 ಮೀಟರ್ ಆಳಕ್ಕೆ ಧುಮುಕಬಹುದೆಂದು ತಿಳಿಯುವುದು ತಪ್ಪು. ಪ್ರತಿ 10 ಮೀಟರ್ ಆಳಕ್ಕೆ ನೀರಿನ ಒತ್ತಡವು ಸುಮಾರು ಒಂದು ವಾಯುಮಂಡಲದಷ್ಟು ಏರುವುದು. ಹೊಸ ಗಡಿಯಾರವು ಪ್ರಯೋಗಾಲಯದಲ್ಲಿ ಅಂತಹ ಐದು ವಾಯುಮಂಡಲಗಳ ಒತ್ತಡವನ್ನು ತಾಳಿತೆಂಬುದಷ್ಟೇ ಆ ಮಾತಿನ ಅರ್ಥ. ಕಾಲ ಕಳೆದಂತೆ ಅಂಟು ಸಡಿಲುವುದು, ರಬ್ಬರು ಬಳೆ ಗಡುಸಾಗುವುದು.

ದೀಪಾವಳಿಯ ಎಣ್ಣೆಸ್ನಾನದ ಉದಾಹರಣೆಯನ್ನು ತೆಗೆದುಕೊಳ್ಳೋಣ. ಬಿಸಿನೀರಿನಲ್ಲಿ ಗಡಿಯಾರದೊಳಗಣ ಗಾಳಿ 50 ಡಿಗ್ರಿಗೆ ಕಾಯ್ದು, ತರುವಾಯ ತಣ್ಣೀರು ಬಿದ್ದು 25 ಡಿಗ್ರಿಗೆ ಇಳಿಯಿತೆನ್ನಿ. ಅನಿಲಗಳ ನಿಯಮದಂತೆ ಒಳಗಣ ಒತ್ತಡ ನೂರಕ್ಕೆ ಎಂಟರಷ್ಟು ಕುಗ್ಗುವುದು; ಗಡಿಯಾರವು ನೀರನ್ನು ಒಳಗೆ ಹೀರಲು ಸಿದ್ಧವಾಗುವುದು. ಸೀಗೆಯ ಮತ್ತು ಸಾಬೂನಿನ ನೊರೆಯು ನೀರಿನ ಮೇಲ್ಮೈ ಸೆಳೆತವನ್ನು ತಗ್ಗಿಸುವುದರಿಂದ, ಬರಿಯ ನೀರು ನುಗ್ಗಲಾರದ ಸಂದಿನಲ್ಲಿಯೂ ಅದು ನುಗ್ಗಬಲ್ಲುದು. ಈಜಿದಾಗ ಕೆಡದ ಗಡಿಯಾರವು ಬಚ್ಚಲಿನಲ್ಲಿ ಕೆಡುವುದರ ರಹಸ್ಯ ಇದು.

ನೀರನ್ನು ತಡೆಯಲು ಅನೇಕ ತಯಾರಕರು ಪರದೆಯನ್ನು ಚೌಕಟ್ಟಿಗೆ ಅಂಟಿನಿಂದಲೇ ಮುಚ್ಚುತ್ತಾರೆ. ಬಿಚ್ಚಬೇಕಾದರೆ ಅಂಟನ್ನು ಕಾಯಿಸಿ ಮೆತ್ತಗಾಗಿಸಿ, ತೆಳುವಾದ ಅಲಗಿನಿಂದ ಎಬ್ಬಿಸಬೇಕು. ಆಗ ಪರದೆಯೇ ಒಡೆಯಬಹುದು, ಕೆಳಗಣ ತೆಳುವಾದ ತಂತಿಪಟ್ಟಿ ಹರಿಯಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಈ ಕೆಲಸವನ್ನು ಮಾಡಬಲ್ಲ ನಿಪುಣರು ಇಲ್ಲವೆಂದಲ್ಲ. ಆದರೆ ಮರಳಿ ಮುಚ್ಚಿದ ಮೇಲೆ ಒತ್ತಡದ ಪರೀಕ್ಷೆ ಮಾಡದಿದ್ದರೆ ಮೊದಲಿನ ಜಲನಿರೋಧ ಉಳಿದಿದೆಯೆಂದು ಯಾರೂ ಹೇಳಲಾರರು. ತಾಳಿಕೆಗಾಗಿ ಹಚ್ಚಿದ ಅಂಟು ಬಾಳಿಕೆಗೆ ಹಾಕಿದ ಬೀಗವಾಯಿತು.

ಉಬ್ಬುವ ಬ್ಯಾಟರಿ

ಬೀಗ ಹಾಕಿದ ಆ ಪೆಟ್ಟಿಗೆಯೊಳಗೆ ಸವೆಯುವ ವಸ್ತುವೊಂದು ಇದ್ದೇ ಇದೆ. ಲಿಥಿಯಮ್ ಅಯಾನು ಬ್ಯಾಟರಿಯು ಸಾಮಾನ್ಯವಾಗಿ ಕೆಲವು ನೂರು ಸಲ ಪೂರ್ತಿ ತುಂಬಿ ಬರಿದಾದ ಮೇಲೆ ತನ್ನ ಧಾರಣಶಕ್ತಿಯ ಐದನೆಯ ಒಂದು ಪಾಲನ್ನು ಕಳೆದುಕೊಳ್ಳುವುದು. ನಿತ್ಯವೂ ವಿದ್ಯುತ್ತು ತುಂಬಿಸಬೇಕಾದ ಗಡಿಯಾರಕ್ಕೆ 500 ಸಲವೆಂದರೆ ಒಂದೂವರೆ ವರ್ಷಕ್ಕೂ ಕಡಮೆ. ಇದಲ್ಲದೆ, ಬ್ಯಾಟರಿಯೊಳಗಣ ದ್ರವವು ಒಡೆದು ಅನಿಲ ಹುಟ್ಟಿದರೆ ಬ್ಯಾಟರಿ ಉಬ್ಬುವುದು. ಬಲವಾದ ಲೋಹದ ಚೌಕಟ್ಟು ಜಗ್ಗದು. ಅಂಟಿನಿಂದ ನಿಂತಿರುವ ಪರದೆಯೇ ಮೇಲೇಳುವುದು ಅಥವಾ ಸೀಳುವುದು. ಪೆಟ್ಟೇ ಬೀಳದೆ ಪರದೆ ಒಡೆಯಿತೆಂಬ ದೂರು ಯಾವಾಗಲೂ ಸುಳ್ಳಲ್ಲ ಎಂಬುದಕ್ಕೆ ಇದೊಂದು ಕಾರಣ.

ಎರಡು ಸಂದರ್ಭಗಳು ಇಲ್ಲಿ ಸ್ಮರಣೀಯ. 2019ರಲ್ಲಿ ಆಪಲ್ ಸಂಸ್ಥೆಯು ತನ್ನ ಎರಡನೆಯ ಮತ್ತು ಮೂರನೆಯ ಶ್ರೇಣಿಯ ಅಲ್ಯೂಮಿನಿಯಮ್ ಗಡಿಯಾರಗಳಲ್ಲಿ, ಬಹು ವಿರಳವಾಗಿ, ಪರದೆಯ ದುಂಡಂಚಿನ ಉದ್ದಕ್ಕೂ ಬಿರುಕು ಬಿಡಬಹುದೆಂದು ಒಪ್ಪಿಕೊಂಡು ಅಂತಹ ಪರದೆಗಳನ್ನು ಉಚಿತವಾಗಿ ಬದಲಾಯಿಸಲು ಮುಂದಾಯಿತು. 2022ರ ಮಾರ್ಚಿನಲ್ಲಿ ಫಿಟ್‌ಬಿಟ್ ಸಂಸ್ಥೆಯು ಅಯಾನಿಕ್ ಎಂಬ ಮಾದರಿಯನ್ನು, ಬ್ಯಾಟರಿ ಕಾಯ್ದು ಸುಟ್ಟಗಾಯಗಳಾದುದರಿಂದ, ಹಿಂದಕ್ಕೆ ಕರೆಸಿಕೊಂಡಿತು. ಅಮೆರಿಕ ಒಂದರಲ್ಲಿಯೇ ಅವುಗಳ ಸಂಖ್ಯೆ ಸುಮಾರು ಹತ್ತು ಲಕ್ಷ. ದೋಷವು ಒಬ್ಬರ ಅಜಾಗರೂಕತೆಯದಲ್ಲ, ರಚನೆಯದೆಂದು ಸಿದ್ಧವಾದಾಗ ತಯಾರಕನ ಹೊಣೆ ತಾನಾಗಿ ಬರುವುದು. ಒಬ್ಬಂಟಿ ಗ್ರಾಹಕನ ಕಷ್ಟವಿರುವುದು ಅದನ್ನು ಸಿದ್ಧಪಡಿಸುವುದರಲ್ಲಿ.

ತಯಾರಕರ ಬಾಗಿಲಲ್ಲಿ

ಒಂದು ವರ್ಷದ ಖಾತರಿಯೆಂದರೆ ಒಂದು ವರ್ಷ ಏನಾದರೂ ಸರಿಪಡಿಸಿ ಕೊಡುವರೆಂದಲ್ಲ. ತಯಾರಿಕೆಯ ದೋಷಕ್ಕೆ ಮಾತ್ರ ಖಾತರಿ. ಬಿದ್ದು ಒಡೆದದ್ದಕ್ಕೆ ಸಾಮಾನ್ಯವಾಗಿ ಇಲ್ಲ. ಆದುದರಿಂದ ಒಡಕಿನ ಸ್ವರೂಪವೇ ಇಲ್ಲಿ ಸಾಕ್ಷಿ. ಪೆಟ್ಟಿನಿಂದ ಒಡೆದ ಗಾಜಿನಲ್ಲಿ ಪೆಟ್ಟು ಬಿದ್ದ ಬಿಂದುವೊಂದು ಕಾಣುವುದು; ಜೇಡರ ಬಲೆಯ ಎಳೆಗಳಂತೆ ಬಿರುಕುಗಳು ಅಲ್ಲಿಂದ ಹರಡಿರುತ್ತವೆ. ಒಳಗಿನ ಒತ್ತಡದಿಂದ ಅಥವಾ ಅಂಚಿನ ದೋಷದಿಂದ ಆದ ಬಿರುಕಿನಲ್ಲಿ ಅಂತಹ ಜಜ್ಜಿದ ಬಿಂದು ಸಾಮಾನ್ಯವಾಗಿ ಕಾಣದು. ಗಡಿಯಾರವನ್ನು ದುರಸ್ತಿಗೆ ಒಪ್ಪಿಸುವ ಮೊದಲೇ ಎಲ್ಲ ಮಗ್ಗುಲುಗಳಿಂದ ಛಾಯಾಚಿತ್ರ ತೆಗೆದಿಡಬೇಕು. ಕೊಂಡ ರಸೀತಿಯನ್ನು ಕಾಪಾಡಬೇಕು. ಕೊಟ್ಟ ದೂರಿಗೂ ಬಂದ ಉತ್ತರಕ್ಕೂ ಲಿಖಿತ ಆಧಾರವಿರಬೇಕು. ಉಬ್ಬಿದ ಬ್ಯಾಟರಿಯ ಗಡಿಯಾರವನ್ನಾದರೋ ಮನೆಯಲ್ಲಿ ಬಿಚ್ಚಲೇಬಾರದು, ಅದಕ್ಕೆ ವಿದ್ಯುತ್ತನ್ನೂ ತುಂಬಿಸಬಾರದು.

ಉತ್ತರವು ನ್ಯಾಯವಾಗಿ ತೋರದಿದ್ದರೆ ಮುಂದಿನ ದಾರಿಯುಂಟು. 1915 ಎಂಬುದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ, ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಕಂಪೆನಿಯ ಕಚೇರಿ ದೆಹಲಿಯಲ್ಲಿದ್ದರೂ ಹೊಸಕೆರೆಹಳ್ಳಿಯವರು ಬೆಂಗಳೂರಿನಲ್ಲಿಯೇ ನ್ಯಾಯ ಕೇಳಬಹುದು. ದೂರಿನ ಕಾರಣ ಹುಟ್ಟಿದ ಎರಡು ವರ್ಷಗಳೊಳಗಾಗಿ ದೂರು ಕೊಡಬೇಕು; 5 ಲಕ್ಷ ರೂಪಾಯಿಯವರೆಗಿನ ವಸ್ತುಗಳಿಗೆ ಶುಲ್ಕವಿಲ್ಲ; ವಕೀಲರನ್ನಿಡುವುದು ಕಡ್ಡಾಯವಲ್ಲ. 2022ರ ಡಿಸೆಂಬರ್ 24ರಂದು ಕೇಂದ್ರ ಸರಕಾರವು ‘ದುರಸ್ತಿಯ ಹಕ್ಕು’ ಎಂಬ ಜಾಲತಾಣವನ್ನೂ ತೆರೆಯಿತು. ತಯಾರಕರು ದುರಸ್ತಿ, ಬಿಡಿಭಾಗ, ಖಾತರಿಗಳ ವಿವರವನ್ನು ಅಲ್ಲಿ ಪ್ರಕಟಿಸಬೇಕೆಂಬುದು ಅದರ ಆಶಯ.

ಬೀಗಕ್ಕೆ ಕೀಲಿಕೈ

ತಾಳಿಕೆ ಮತ್ತು ಬಾಳಿಕೆಗಳ ಈ ವಿರೋಧವು ಪ್ರಕೃತಿಯ ನಿಯಮವೇ? ಅಲ್ಲವೆಂಬುದಕ್ಕೆ ಹಳೆಯ ಮತ್ತು ಹೊಸ ನಿದರ್ಶನಗಳಿವೆ. 1926ರಲ್ಲಿಯೇ ರೋಲೆಕ್ಸ್ ಸಂಸ್ಥೆಯು ಆಯ್‌ಸ್ಟರ್ ಎಂಬ ಗಡಿಯಾರದ ಬೆನ್ನನ್ನು ತಿರುಪಿನಂತೆ ತಿರುಗಿಸಿ ಬಿಗಿದು ನೀರನ್ನು ಹೊರಗಿಟ್ಟಿತ್ತು, ಬೇಕಾದಾಗ ಬಿಚ್ಚಬಹುದಾಗಿತ್ತು. ಗೂಗಲ್ ಸಂಸ್ಥೆಯು 2022ರಲ್ಲಿ ಹೊರತಂದ ಪಿಕ್ಸೆಲ್ ವಾಚಿನ ಗಾಜು ಒಡೆದರೆ ದುರಸ್ತಿಯ ಏರ್ಪಾಡಿಲ್ಲವೆಂದು 2023ರಲ್ಲಿ ತಿಳಿಸಿತು. ಅದೇ ಸಂಸ್ಥೆಯು 2025ರಲ್ಲಿ ಹೊರತಂದ ನಾಲ್ಕನೆಯ ಮಾದರಿಯಲ್ಲಿ ಅಂಟಿನ ಬದಲು ತಿರುಪುಗಳನ್ನೂ ರಬ್ಬರು ಬಳೆಯನ್ನೂ ಬಳಸಿ, 50 ಮೀಟರಿನ ಜಲನಿರೋಧವನ್ನು ಉಳಿಸಿಕೊಂಡೇ ಪರದೆಯನ್ನೂ ಬ್ಯಾಟರಿಯನ್ನೂ ಬದಲಾಯಿಸಲು ಬರುವಂತೆ ಮಾಡಿದೆ. ಮೂರು ವರ್ಷಗಳಲ್ಲಿ ಭೌತಶಾಸ್ತ್ರವು ಬದಲಾಗಲಿಲ್ಲ. ತಯಾರಕರ ಮನಸ್ಸು ಬದಲಾಯಿತು. ಐರೋಪ್ಯ ಒಕ್ಕೂಟವು 2023ರಲ್ಲಿ ಮಾಡಿದ ಬ್ಯಾಟರಿ ಕಾಯಿದೆಯು 2027ರ ಫೆಬ್ರವರಿಯಿಂದ ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರನೇ ತೆಗೆಯುವಂತಿರಬೇಕೆಂದು ವಿಧಿಸುತ್ತದೆ. ನೀರಿನಲ್ಲಿ ಬಳಸುವ ಕೆಲವು ಬಗೆಯ ಉಪಕರಣಗಳಿಗೆ ವಿನಾಯಿತಿಯಿದ್ದರೂ, ಅವುಗಳ ಬ್ಯಾಟರಿಯನ್ನು ಸಹ ನುರಿತ ರಿಪೇರಿಗಾರನು ಬದಲಾಯಿಸಲು ಸಾಧ್ಯವಿರಬೇಕು.

ಆದುದರಿಂದ ಸ್ಮಾರ್ಟ್‌ವಾಚನ್ನು ಕೊಳ್ಳುವ ವಿದ್ಯಾರ್ಥಿಯು ಅಂಗಡಿಯಲ್ಲಿ ಜಲನಿರೋಧದ ಅಂಕವನ್ನೂ ಗಾಜಿನ ಹೆಸರನ್ನೂ ಕೇಳಿ ಸುಮ್ಮನಾಗಬಾರದು. ಈ ಮಾದರಿಯ ಪರದೆಯನ್ನು ಬದಲಾಯಿಸುವರೆ? ಎಷ್ಟು ಹಣಕ್ಕೆ? ಬ್ಯಾಟರಿಯನ್ನು ಎಷ್ಟು ವರ್ಷ ಒದಗಿಸುವರು? ದುರಸ್ತಿಯ ತರುವಾಯ ನೀರಿನ ಪರೀಕ್ಷೆ ಮಾಡಿ ಕೊಡುವರೆ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆಯದ ಗಡಿಯಾರವನ್ನು, ಅದು ಎಷ್ಟೇ ಗಟ್ಟಿಯಾಗಿರಲಿ, ಅಲ್ಪಾಯುಷಿಯೆಂದೇ ಎಣಿಸಬೇಕು. ಕೊಳ್ಳುವವರೆಲ್ಲರೂ ಹೀಗೆ ಕೇಳತೊಡಗಿದರೆ ಮಾಡುವವರೂ ಉತ್ತರವನ್ನು ಸಿದ್ಧಪಡಿಸಿಕೊಳ್ಳುವರು. ನಮ್ಮ ವಾಚಕರಲ್ಲಿ ಕೆಲವರು ಮುಂದೆ ಎಂಜಿನಿಯರುಗಳಾಗಿ ಇಂತಹ ಯಂತ್ರಗಳನ್ನು ತಾವೇ ರಚಿಸುವರು. ಮುಚ್ಚುವ ಬಗೆಯನ್ನು ಯೋಚಿಸುವಾಗಲೇ ತೆರೆಯುವ ಬಗೆಯನ್ನೂ ಅವರು ಯೋಚಿಸುವಂತಾಗಲಿ.